ಪೆಟ್ರೋಲು ಮಾಪಕದ ಮುಳ್ಳು ಸುಳ್ಳು ಹೇಳುವುದೇಕೆ?

ಮೋಟಾರು ಕಾರನ್ನು ನಡೆಸುವವನ ಕಣ್ಣೆದುರಿಗಿರುವ ಮಾಪಕಗಳಲ್ಲಿ ಪೆಟ್ರೋಲು ಮಾಪಕದಷ್ಟು ನಂಬಿಕೆಗೆ ಪಾತ್ರವಾದುದು ಬೇರೊಂದಿಲ್ಲ. ಅದರ ಮುಳ್ಳು ಅರ್ಧದಲ್ಲಿ ನಿಂತಿದ್ದರೆ ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲು ಇದೆಯೆಂದು ನಾವು ಯಾವ ವಿಚಾರಣೆಯನ್ನೂ ಮಾಡದೆ ಒಪ್ಪಿಕೊಳ್ಳುತ್ತೇವೆ. ಆದರೆ ಹಳೆಯ ಕಾರುಗಳನ್ನು ಇಟ್ಟುಕೊಂಡವರಿಗೆ ಈ ಮುಳ್ಳಿನ ಇನ್ನೊಂದು ಗುಣವೂ ಗೊತ್ತು. ಅದು ಕೆಲವೊಮ್ಮೆ ತುಂಬಿದ ಟ್ಯಾಂಕನ್ನು ಖಾಲಿಯೆನ್ನುತ್ತದೆ. ಕೆಲವೊಮ್ಮೆ ಬರಿದಾದ ಟ್ಯಾಂಕನ್ನು ತುಂಬಿದೆಯೆನ್ನುತ್ತದೆ. ಮೊದಲನೆಯ ಸುಳ್ಳಿನಿಂದಾಗುವ ನಷ್ಟವೆಂದರೆ ಬಂಕಿನಲ್ಲಿ ಒಮ್ಮೆ ವ್ಯರ್ಥವಾಗಿ ನಿಲ್ಲುವುದಷ್ಟೆ. ಎರಡನೆಯದನ್ನು ನಂಬಿ ಹೊರಟವನಾದರೋ ಶಿರಾಡಿ ಘಟ್ಟದ ತಿರುವಿನಲ್ಲಿ, ಮುಸ್ಸಂಜೆಯ ಹೊತ್ತಿನಲ್ಲಿ, ಹಿಂದಿನಿಂದ ಲಾರಿಗಳು ಏರಿಬರುತ್ತಿರುವಾಗ ಎಂಜಿನ್ನು ನಿಂತುಹೋದ ಕಾರಿನಲ್ಲಿ ಕುಳಿತಿರಬೇಕಾಗುತ್ತದೆ.

ಮುಳ್ಳಿನ ಈ ತಪ್ಪುಗಳು ಮನಬಂದಂತೆ ಸಂಭವಿಸುವುದಿಲ್ಲ. ಯಾವ ಭಾಗ ಕೆಟ್ಟರೆ ಮುಳ್ಳು ಯಾವ ಕಡೆಗೆ ಸರಿಯುವುದೆಂಬುದನ್ನು ಪ್ರೌಢಶಾಲೆಯಲ್ಲಿ ಕಲಿತ ಓಮ್‌ನ ನಿಯಮದಿಂದಲೇ ಮುಂದಾಗಿ ಹೇಳಬಹುದು. ಹಾಗೆಯೇ ಮುಳ್ಳು ಹೇಳುವ ಸುಳ್ಳಿನ ರೀತಿಯನ್ನು ನೋಡಿ, ಕೆಟ್ಟ ಭಾಗ ಯಾವುದೆಂದೂ ಊಹಿಸಬಹುದು. ಅದು ಹೇಗೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕೋಲಿನಿಂದ ಮುಳ್ಳಿನವರೆಗೆ

ಮೊದಮೊದಲಿನ ಎಷ್ಟೋ ಕಾರುಗಳಿಗೆ ಪೆಟ್ರೋಲು ಮಾಪಕವೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಕಂಪನಿಯ ಪ್ರಸಿದ್ಧ ‘ಮಾಡೆಲ್ ಟಿ’ ಕಾರಿನಲ್ಲಿ ಬಹುಕಾಲ ಟ್ಯಾಂಕು ಮುಂದಿನ ಆಸನದ ಕೆಳಗಿರುತ್ತಿತ್ತು. ಆಸನವನ್ನೆತ್ತಿ, ಮುಚ್ಚಳ ತೆಗೆದು, ಒಂದು ಕೋಲನ್ನು ಇಳಿಬಿಟ್ಟು, ಅದು ಎಷ್ಟು ನೆನೆದಿದೆಯೆಂದು ನೋಡಬೇಕಾಗಿತ್ತು. ಅದರ ನಂತರ ಬಂದ ‘ಮಾಡೆಲ್ ಎ’ ಕಾರಿನಲ್ಲಿ ಟ್ಯಾಂಕು ಚಾಲಕನ ಎದುರಿಗೇ, ಡ್ಯಾಷ್‌ಬೋರ್ಡಿನ ಹಿಂದೆ ಇದ್ದುದರಿಂದ, ಪೆಟ್ರೋಲಿನ ಮೇಲೆ ತೇಲುವ ಬುರುಡೆಯೊಂದು ಅಂಕಿಗಳನ್ನು ನೇರವಾಗಿ ತೋರಿಸುತ್ತಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ 1961ರವರೆಗೂ ಮಾಪಕವಿರಲಿಲ್ಲ. ಪೆಟ್ರೋಲು ಮುಗಿಯುತ್ತ ಬಂದಾಗ ಒಂದು ಸನ್ನೆಯನ್ನು ತಿರುಗಿಸಿ ಕೊನೆಯ ಕೆಲವು ಲೀಟರುಗಳನ್ನು ಬಳಸಿಕೊಳ್ಳಬೇಕಾಗಿತ್ತು. ನಮ್ಮ ಹಳೆಯ ಸ್ಕೂಟರು, ಮೋಟಾರುಸೈಕಲ್ಲುಗಳ ‘ರಿಸರ್ವ್’ ತಿರುಪೂ ಇದೇ ಜಾತಿಯದು.

ಟ್ಯಾಂಕು ಕಾರಿನ ಹಿಂಭಾಗಕ್ಕೆ ಹೋದಾಗ ಹೊಸ ಸಮಸ್ಯೆ ಹುಟ್ಟಿತು. ಪೆಟ್ರೋಲು ಹಿಂದೆ, ನೋಡುವವನು ಮುಂದೆ. ನಡುವಣ ಎರಡು ಮೂರು ಮೀಟರುಗಳ ದೂರಕ್ಕೆ ವರ್ತಮಾನವನ್ನು ಸಾಗಿಸಲು ವಿದ್ಯುತ್ತು ಅನುಕೂಲವಾದ ದೂತನಾಯಿತು.

ಮುಳ್ಳು ಅಳೆಯುವುದು ಏನನ್ನು?

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಗಾಣಬೇಕು. ಡ್ಯಾಷ್‌ಬೋರ್ಡಿನ ಮುಳ್ಳಿಗೆ ಪೆಟ್ರೋಲಿನ ಪರಿಚಯವೇ ಇಲ್ಲ. ಅದು ತಿಳಿಸುವುದು ತನ್ನೊಳಗಿನ ಸುರುಳಿಯಲ್ಲಿ ಹರಿಯುವ ವಿದ್ಯುತ್ಪ್ರವಾಹವನ್ನು ಮಾತ್ರ. ಪೆಟ್ರೋಲಿನ ಮಟ್ಟವನ್ನು ಪ್ರವಾಹವಾಗಿ ಮಾರ್ಪಡಿಸುವ ಕೆಲಸ ಟ್ಯಾಂಕಿನಲ್ಲಿ ನಡೆಯುತ್ತದೆ.

ಟ್ಯಾಂಕಿನಲ್ಲಿ ಅಳವಡಿಸಿರುವ ಸಾಧನಕ್ಕೆ ಟ್ಯಾಂಕ್ ಯೂನಿಟ್ ಎಂದು ಹೆಸರು. ಅದರಲ್ಲಿ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಒಂದು ಟೊಳ್ಳು ಬುರುಡೆಯು ಪೆಟ್ರೋಲಿನ ಮೇಲೆ ತೇಲುತ್ತಿರುತ್ತದೆ. ಬುರುಡೆಯೊಡನೆ ಒಂದು ತೋಳು ಏರಿಳಿಯುತ್ತದೆ. ತೋಳಿನ ಇನ್ನೊಂದು ತುದಿಯ ಲೋಹದ ನಾಲಿಗೆಯು, ಒತ್ತಾಗಿ ಸುತ್ತಿದ ಸಣ್ಣ ತಂತಿಯ ಮೇಲೆ ಉಜ್ಜಿಕೊಂಡು ಜಾರುತ್ತದೆ. ಪ್ರವಾಹವು ಆ ತಂತಿಯಲ್ಲಿ ಎಷ್ಟು ದೂರ ಹರಿಯಬೇಕೆಂಬುದನ್ನು ನಾಲಿಗೆಯ ಸ್ಥಾನ ನಿರ್ಧರಿಸುತ್ತದೆ. ಹೆಚ್ಚು ತಂತಿಯಾದರೆ ಹೆಚ್ಚು ರೋಧ. ಕಡಿಮೆ ತಂತಿಯಾದರೆ ಕಡಿಮೆ ರೋಧ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬಳಸುವ ರಿಯೋಸ್ಟಾಟೇ ಇದು. ಅದನ್ನು ಕೈಯ ಬದಲು ಪೆಟ್ರೋಲು ಸರಿಸುತ್ತದೆ.

ಈ ಮಂಡಲದಲ್ಲಿ ಹಿಂತಿರುಗುವ ತಂತಿಯಿಲ್ಲ. ಕಾರಿನ ಉಕ್ಕಿನ ಮೈಯೇ ಆ ಕೆಲಸವನ್ನು ಮಾಡುತ್ತದೆ. ಇದನ್ನೇ ‘ಅರ್ಥ್’ ಎನ್ನುತ್ತಾರೆ. ಟ್ಯಾಂಕಿಗೂ ಕಾರಿನ ಮೈಗೂ ನಡುವೆ ತುಕ್ಕು ಬೆಳೆದರೆ ಪ್ರವಾಹದ ಹಿಂದಾರಿಗೆ ತಡೆಯುಂಟಾಗುತ್ತದೆ. ಹಳೆಯ ಕಾರುಗಳ ಮಾಪಕದ ತೊಂದರೆಗಳಲ್ಲಿ ಇದು ಬಹು ಸಾಮಾನ್ಯವಾದುದು.

ಎರಡು ಜಾತಿಯ ಮಾಪಕಗಳು

ಬ್ರಿಟನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದೇ ಕಾರು ತನ್ನ ಜೀವಿತಕಾಲದಲ್ಲಿ ಎರಡು ಜಾತಿಯ ಮಾಪಕಗಳನ್ನೂ ಹೊಂದಿದ್ದುದು ನಮ್ಮ ವಿವರಣೆಗೆ ಅನುಕೂಲ. ಮೊದಲ ವರ್ಷಗಳ ಕಾರುಗಳಲ್ಲಿ ಇದ್ದುದು ಕಾಂತೀಯ ಮಾಪಕ. 1960ರ ದಶಕದ ನಡುಭಾಗದಿಂದ ಬಂದುದು ಉಷ್ಣ ಮಾಪಕ.

ಕಾಂತೀಯ ಮಾಪಕದಲ್ಲಿ ಎರಡು ಸುರುಳಿಗಳಿರುತ್ತವೆ. ಒಂದು ಮುಳ್ಳಿನ ಮೆದು ಕಬ್ಬಿಣದ ತುಣುಕನ್ನು ‘ಖಾಲಿ’ಯ ಕಡೆಗೂ, ಇನ್ನೊಂದು ‘ಪೂರ್ಣ’ದ ಕಡೆಗೂ ಸೆಳೆಯುತ್ತದೆ. ಬ್ಯಾಟರಿಯ ಪ್ರವಾಹ ಮೊದಲು ಖಾಲಿ ಸುರುಳಿಯನ್ನು ಹಾಯ್ದು ಬರುತ್ತದೆ. ಅಲ್ಲಿಂದ ಅದಕ್ಕೆ ಎರಡು ದಾರಿಗಳು: ಒಂದು ಪೂರ್ಣ ಸುರುಳಿಯ ಮೂಲಕ, ಇನ್ನೊಂದು ಟ್ಯಾಂಕ್ ಯೂನಿಟ್ಟಿನ ಮೂಲಕ. ಟ್ಯಾಂಕು ಬರಿದಾದಾಗ ಯೂನಿಟ್ಟಿನ ರೋಧ ಸೊನ್ನೆಗೆ ಹತ್ತಿರವಾಗಿ, ಪ್ರವಾಹವೆಲ್ಲ ಆ ಸುಲಭದ ದಾರಿಯನ್ನು ಹಿಡಿಯುತ್ತದೆ. ಪೂರ್ಣ ಸುರುಳಿಗೆ ಏನೂ ಉಳಿಯುವುದಿಲ್ಲ. ಟ್ಯಾಂಕು ತುಂಬಿದಾಗ ಯೂನಿಟ್ಟಿನ ರೋಧ ಹೆಚ್ಚಿ, ಪ್ರವಾಹ ಪೂರ್ಣ ಸುರುಳಿಯ ಕಡೆಗೆ ತಿರುಗುತ್ತದೆ. ಈ ಜಗ್ಗಾಟದಲ್ಲಿ ಬ್ಯಾಟರಿಯ ವೋಲ್ಟೇಜು ಕೊಂಚ ಹೆಚ್ಚು ಕಡಿಮೆಯಾದರೂ ಎರಡು ಸುರುಳಿಗಳ ಬಲವೂ ಒಟ್ಟಿಗೆ ಏರಿಳಿಯುವುದರಿಂದ ಮುಳ್ಳು ಹೆಚ್ಚಾಗಿ ಕದಲುವುದಿಲ್ಲ.

ಉಷ್ಣ ಮಾಪಕದ ತತ್ತ್ವ ಬೇರೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದರ ಸುತ್ತ ಕಾಯುವ ತಂತಿಯನ್ನು ಸುತ್ತಿರುತ್ತಾರೆ. ಪ್ರವಾಹ ಹರಿದಾಗ ಪಟ್ಟಿ ಕಾದು ಬಾಗಿ, ಮುಳ್ಳನ್ನು ತಳ್ಳುತ್ತದೆ. ಇಲ್ಲಿ ಟ್ಯಾಂಕ್ ಯೂನಿಟ್ಟು ಮಾಪಕದೊಡನೆ ಒಂದೇ ಸಾಲಿನಲ್ಲಿರುವುದರಿಂದ ಏರ್ಪಾಡು ತಿರುವುಮುರುವು: ಟ್ಯಾಂಕು ಖಾಲಿಯಾದಾಗ ಹೆಚ್ಚು ರೋಧ, ತುಂಬಿದಾಗ ಕಡಿಮೆ ರೋಧ. ವೋಲ್ಟೇಜು ಏರಿದರೆ ಕಾವೂ ಏರುವುದರಿಂದ, ಸ್ಟೆಬಿಲೈಸರ್ ಎಂಬ ಸಣ್ಣ ಪೆಟ್ಟಿಗೆಯೊಂದು ಮಾಪಕಕ್ಕೆ ಸರಾಸರಿ 10 ವೋಲ್ಟು ದೊರೆಯುವಂತೆ ನೋಡಿಕೊಳ್ಳುತ್ತದೆ.

ಇವೆರಡನ್ನೂ ಬಿಚ್ಚದೆಯೇ ಗುರುತಿಸಬಹುದು. ಕೀಲಿಯನ್ನು ತಿರುಗಿಸಿ ಮುಳ್ಳನ್ನು ನೋಡಿರಿ. ಅದು ತಟ್ಟನೆ ನೆಗೆದು, ತಿರುವುಗಳಲ್ಲಿ ಪೆಟ್ರೋಲು ತುಳುಕಿದಾಗ ತಾನೂ ತೂಗಾಡಿದರೆ ಅದು ಕಾಂತೀಯ ಮಾಪಕ. ನಿಧಾನವಾಗಿ ತೆವಳಿ ತನ್ನ ಸ್ಥಾನಕ್ಕೆ ಬಂದರೆ ಉಷ್ಣ ಮಾಪಕ.

ಒಂದೇ ಕೇಡು, ಎರಡು ಸುಳ್ಳು

ಈಗ ಟ್ಯಾಂಕಿನಿಂದ ಬರುವ ತಂತಿ ತುಂಡಾಯಿತೆಂದು ಭಾವಿಸೋಣ. ತುಂಡಾದ ತಂತಿಯೆಂದರೆ ಅಪರಿಮಿತವಾದ ರೋಧ. ಕಾಂತೀಯ ಮಾಪಕ ಇದನ್ನು ತುಂಬಿದ ಟ್ಯಾಂಕೆಂದು ತಿಳಿದು ‘ಪೂರ್ಣ’ವನ್ನು ತೋರಿಸುವುದು. ಉಷ್ಣ ಮಾಪಕದಲ್ಲಿ ಪ್ರವಾಹವೇ ನಿಂತು ಮುಳ್ಳು ‘ಖಾಲಿ’ಗೆ ಬೀಳುವುದು. ತಂತಿ ಎಲ್ಲಿಯಾದರೂ ಸವೆದು ಕಾರಿನ ಮೈಗೆ ತಗುಲಿದರೆ ಇದರ ವಿಪರೀತ: ಕಾಂತೀಯ ಮಾಪಕ ಖಾಲಿಯೆನ್ನುವುದು, ಉಷ್ಣ ಮಾಪಕ ಪೂರ್ಣವೆನ್ನುವುದು.

ತೇಲುವ ಬುರುಡೆ ತೂತಾಗಿ, ಪೆಟ್ರೋಲು ಒಳಹೊಕ್ಕು, ತಳಕ್ಕೆ ಮುಳುಗಿದರೆ ಮಾತ್ರ ಎರಡು ಮಾಪಕಗಳೂ ಒಂದೇ ಮಾತನ್ನು, ಎಂದರೆ ‘ಖಾಲಿ’ ಎಂದು, ಹೇಳುತ್ತವೆ. ಏಕೆಂದರೆ ಆಗ ತೋಳು ನಿಜವಾಗಿಯೂ ಖಾಲಿಯ ಸ್ಥಾನದಲ್ಲಿಯೇ ಇರುತ್ತದೆ.

ಇವುಗಳಲ್ಲಿ ಯಾವ ಸುಳ್ಳು ವಾಸಿ? ಹಿಂದೆ ನಮ್ಮ ರೈಲುದಾರಿಗಳ ಪಕ್ಕದಲ್ಲಿ ತೋಳೆತ್ತಿ ನಿಂತಿದ್ದ ಸಿಗ್ನಲ್ ಕಂಬಗಳನ್ನು ನೆನಪಿಗೆ ತಂದುಕೊಳ್ಳಬಹುದು. ಅವುಗಳ ತಂತಿ ಅಕಸ್ಮಾತ್ ಹರಿದರೆ, ಭಾರದ ಗುಂಡಿನ ಸೆಳೆತದಿಂದ ತೋಳು ತಾನಾಗಿಯೇ ‘ನಿಲ್ಲು’ ಎಂಬ ಸ್ಥಿತಿಗೆ ಬರುತ್ತಿತ್ತು. ಕೆಟ್ಟಾಗಲೂ ಅಪಾಯವಿಲ್ಲದ ಕಡೆಗೆ ಕೆಡಬೇಕೆಂಬುದು ಅಲ್ಲಿಯ ತತ್ತ್ವ. ತಂತಿ ತುಂಡಾದಾಗ ‘ಖಾಲಿ’ಯೆನ್ನುವ ಉಷ್ಣ ಮಾಪಕ ಈ ತತ್ತ್ವಕ್ಕೆ ಒಪ್ಪುವಂತಿದೆ, ‘ಪೂರ್ಣ’ವೆನ್ನುವ ಕಾಂತೀಯ ಮಾಪಕ ಒಪ್ಪುವುದಿಲ್ಲ. ಮುಳ್ಳು ದಿನಗಟ್ಟಲೆ ‘ಪೂರ್ಣ’ದಿಂದ ಕದಲದಿದ್ದರೆ ಕಾರು ಮಿತವ್ಯಯಿಯೆಂದು ಹಿಗ್ಗದೆ, ತಂತಿಯನ್ನು ಸಂಶಯಿಸುವುದು ವಿವೇಕ.

ತುಕ್ಕಿನ ಲೆಕ್ಕ

ಪೂರ್ತಿ ತುಂಡಾಗದ, ಆದರೆ ತುಕ್ಕಿನಿಂದ ಬಿಗಿತಪ್ಪಿದ ಜೋಡಣೆಗಳು ಇನ್ನೂ ಸೂಕ್ಷ್ಮವಾದ ಸುಳ್ಳನ್ನು ಹುಟ್ಟಿಸುತ್ತವೆ. ಲೆಕ್ಕಕ್ಕಾಗಿ ಒಂದು ಉಷ್ಣ ಮಾಪಕದ ರೋಧ 60 ಓಮ್, ಟ್ಯಾಂಕ್ ಯೂನಿಟ್ಟಿನದು ಪೂರ್ಣಕ್ಕೆ 20, ಖಾಲಿಗೆ 240 ಓಮ್ ಎಂದಿಟ್ಟುಕೊಳ್ಳೋಣ. ಟ್ಯಾಂಕು ತುಂಬಿದಾಗ ಒಟ್ಟು ರೋಧ 80 ಓಮ್; 10 ವೋಲ್ಟಿಗೆ ಪ್ರವಾಹ 0.125 ಆಂಪಿಯರು. ಕಾವು ಪ್ರವಾಹದ ವರ್ಗವನ್ನು ಅನುಸರಿಸುವುದೆಂದು ಜೂಲ್‌ನ ನಿಯಮ ಹೇಳುತ್ತದೆ. ಅದರಂತೆ ಮಾಪಕದಲ್ಲಿ ಹುಟ್ಟುವ ಕಾವು ಸುಮಾರು 0.94 ವಾಟು. ಖಾಲಿಯಾದಾಗ ಒಟ್ಟು ರೋಧ 300 ಓಮ್, ಕಾವು 0.07 ವಾಟಿನಷ್ಟು.

ಅರ್ಥ್ ಜೋಡಣೆಯಲ್ಲಿ ತುಕ್ಕು ಹಿಡಿದು 20 ಓಮ್ ಹೆಚ್ಚಿತೆನ್ನೋಣ. ತುಂಬಿದ ಟ್ಯಾಂಕಿಗೆ ಒಟ್ಟು ರೋಧ 100 ಓಮ್, ಪ್ರವಾಹ 0.1 ಆಂಪಿಯರು, ಕಾವು 0.6 ವಾಟು. ಮುಳ್ಳು ಅರ್ಧಕ್ಕಿಂತ ಕೊಂಚವೇ ಮೇಲೇರಿ ನಿಂತುಬಿಡುತ್ತದೆ. ಖಾಲಿ ಟ್ಯಾಂಕಿಗೆ 300ರ ಬದಲು 320 ಓಮ್, ಕಾವು 0.06 ವಾಟಿಗೆ ಇಳಿಯುತ್ತದೆ. ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಉಷ್ಣ ಮಾಪಕವು ಖಾಲಿಯ ಬಳಿ ಸರಿಯಾಗಿದ್ದು, ಟ್ಯಾಂಕನ್ನು ತುಂಬಿಸಿದಾಗ ಮೇಲೇರದಿದ್ದರೆ ಮೊದಲು ಅರ್ಥ್ ಜೋಡಣೆಯನ್ನು ನೋಡಬೇಕು.

ಕಾಂತೀಯ ಮಾಪಕದಲ್ಲಿ ಇದೇ ತುಕ್ಕು ಎದುರು ತುದಿಯಲ್ಲಿ ಮೋಸಮಾಡುತ್ತದೆ. ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಲ್ಲಿ 1960ರ ದಶಕದ ನಡುಭಾಗದಿಂದ ಬಳಕೆಗೆ ಬಂದ ಯೂನಿಟ್ಟಿನ ರೋಧ ಖಾಲಿಗೆ ಸುಮಾರು 0, ಪೂರ್ಣಕ್ಕೆ 90 ಓಮ್. ಅಲ್ಲಿ ತುಕ್ಕಿನ 20 ಓಮ್ ಸೇರಿದರೆ, ಒಣಗಿದ ಟ್ಯಾಂಕಿನಲ್ಲಿಯೂ ಪೆಟ್ರೋಲು ಇನ್ನೂ ಉಳಿದಿರುವಂತೆ ಮುಳ್ಳು ತೋರಿಸುವುದು. ಲೇಖನದ ಮೊದಲಲ್ಲಿ ಹೇಳಿದ ಘಟ್ಟದ ಮೇಲಿನ ಸಂಕಟಕ್ಕೆ ಒಂದಿಷ್ಟು ತುಕ್ಕೇ ಸಾಕು.

ಉಷ್ಣ ಮಾಪಕದ ಇನ್ನೊಂದು ಸುಳ್ಳು ಸ್ಟೆಬಿಲೈಸರಿನದು. ಅದಕ್ಕೂ ಅರ್ಥ್ ಬೇಕು. ಆ ಜೋಡಣೆ ಬಿಟ್ಟುಹೋದರೆ ಅದು ನಿಯಂತ್ರಣವನ್ನು ಕೈಬಿಟ್ಟು, ಬ್ಯಾಟರಿಯ ಪೂರ್ಣ ವೋಲ್ಟೇಜನ್ನು ಮಾಪಕಕ್ಕೆ ಹರಿಸುತ್ತದೆ. ಎಂಜಿನ್ನು ಓಡುತ್ತಿರುವಾಗ ಅದು 14 ವೋಲ್ಟಾದರೆ, ಕಾವು ಸುಮಾರು ಇಮ್ಮಡಿಯಾಗುವುದು. ಎಂಜಿನ್ನಿನ ಉಷ್ಣತೆಯನ್ನು ತೋರಿಸುವ ಮಾಪಕವೂ ಇದೇ ಸ್ಟೆಬಿಲೈಸರಿಗೆ ಸೇರಿದ ಕಾರುಗಳಲ್ಲಿ ಎರಡು ಮುಳ್ಳುಗಳೂ ಒಟ್ಟಿಗೆ ಮೇಲಕ್ಕೇರುತ್ತವೆ. ಎರಡು ಮಾಪಕಗಳು ಏಕಕಾಲದಲ್ಲಿ ಕೆಡುವುದು ಅಪರೂಪ. ಎರಡಕ್ಕೂ ಸಾಮಾನ್ಯವಾದ ಒಂದು ಭಾಗ ಕೆಡುವುದು ಸಹಜ.

ಪತ್ತೆ ಹಚ್ಚುವ ಕ್ರಮ

ಹೀಗೆ ಊಹಿಸಿದುದನ್ನು ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು. ಅನೇಕರು ಊಹೆಯ ಮೇಲೆಯೇ ಮೊದಲು ಮಾಪಕವನ್ನು, ಆಮೇಲೆ ಟ್ಯಾಂಕ್ ಯೂನಿಟ್ಟನ್ನು ಹೊಸದಾಗಿ ಕೊಂಡು ಹಾಕಿಸಿ, ಕಡೆಗೆ ಕೆಟ್ಟಿದ್ದುದು ಒಂದು ತುಂಡು ತಂತಿಯೆಂದು ತಿಳಿದು ಪರಿತಪಿಸುವುದುಂಟು. ಮಂಡಲವನ್ನು ಭಾಗಗಳಾಗಿ ವಿಂಗಡಿಸಿ, ಒಂದು ಬಾರಿಗೆ ಒಂದನ್ನೇ ಪರೀಕ್ಷಿಸುವುದು ಶಾಸ್ತ್ರೀಯವಾದ ಮಾರ್ಗ.

ಮೊದಲನೆಯದಾಗಿ ಫ್ಯೂಸು. ಅದೇ ಫ್ಯೂಸಿನ ಮೇಲಿರುವ ಇಂಡಿಕೇಟರ್ ದೀಪ ಮೊದಲಾದವು ಕೆಲಸಮಾಡುತ್ತಿವೆಯೇ ನೋಡಬೇಕು. ಎರಡನೆಯದಾಗಿ ಅರ್ಥ್. ಕೀಲಿಯನ್ನು ಆರಿಸಿ, ಟ್ಯಾಂಕ್ ಯೂನಿಟ್ಟಿನ ಲೋಹದ ಮೈಯಿಂದ, ಬಣ್ಣ ಕೆರೆದು ಶುಚಿಮಾಡಿದ ಕಾರಿನ ಮೈಗೆ ಒಂದು ತಂತಿಯನ್ನು ಬಿಗಿದು, ಆಮೇಲೆ ಕೀಲಿ ಹಾಕಬೇಕು. ಮುಳ್ಳು ಸರಿಯಾದ ಸ್ಥಾನಕ್ಕೆ ಬಂದರೆ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ಜೋಡಣೆಯನ್ನು ಬಿಗಿಗೊಳಿಸಿದರೆ ಕೆಲಸ ಮುಗಿಯಿತು.

ಮೂರನೆಯದು ಮುಖ್ಯವಾದ ಪರೀಕ್ಷೆ. ಯೂನಿಟ್ಟಿನಿಂದ ತಂತಿಯನ್ನು ಬಿಡಿಸಿ, ಯೂನಿಟ್ಟಿನ ಬದಲು ನಮಗೆ ಗೊತ್ತಿರುವ ರೋಧವನ್ನು ಅಲ್ಲಿ ಇಡುವುದು. ಕಾಂತೀಯ ಮಾಪಕಕ್ಕೆ ಇದು ಸುಲಭ: ತಂತಿಯನ್ನು ಬಿಡಿಸಿಟ್ಟರೆ ಮುಳ್ಳು ‘ಪೂರ್ಣ’ಕ್ಕೂ, ಕಾರಿನ ಮೈಗೆ ಜೋಡಿಸಿದರೆ ‘ಖಾಲಿ’ಗೂ ಹೋಗಬೇಕು. ಉಷ್ಣ ಮಾಪಕದ ತಂತಿಯನ್ನಾದರೋ ಕಾರಿನ ಮೈಗೆ ನೇರವಾಗಿ ಜೋಡಿಸಲೇಬಾರದು; ಹೆಚ್ಚು ಪ್ರವಾಹ ಹರಿದು ಕಾಯುವ ತಂತಿ ಸುಟ್ಟುಹೋದೀತು. ಇದಕ್ಕಾಗಿ ರೇಡಿಯೋ ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುವ 22, 68 ಮತ್ತು 220 ಓಮ್‌ಗಳ, ಒಂದು ವಾಟಿಗೆ ಕಡಿಮೆಯಿಲ್ಲದ ರೆಸಿಸ್ಟರುಗಳನ್ನು ತರಬೇಕು. ನಮ್ಮ ಉದಾಹರಣೆಯ ಮಾಪಕದಲ್ಲಿ 22 ಓಮ್ ಇಟ್ಟರೆ ಮುಳ್ಳು ಪೂರ್ಣದ ಹತ್ತಿರಕ್ಕೂ, 220 ಓಮ್ ಇಟ್ಟರೆ ಖಾಲಿಯ ಹತ್ತಿರಕ್ಕೂ, 68 ಓಮ್ ಇಟ್ಟರೆ ನಡುವೆಯೂ ನಿಲ್ಲಬೇಕು. ಪ್ರತಿಸಲವೂ ಒಂದು ನಿಮಿಷ ಕಾಯುವುದು ಅಗತ್ಯ.

ಮುಳ್ಳು ಹೀಗೆ ಸರಿಯಾಗಿ ನಡೆದುಕೊಂಡರೆ ಮಾಪಕ, ತಂತಿ, ಸ್ಟೆಬಿಲೈಸರುಗಳೆಲ್ಲ ನಿರ್ದೋಷಿಗಳು; ದೋಷ ಟ್ಯಾಂಕ್ ಯೂನಿಟ್ಟಿನದು. ನಡೆದುಕೊಳ್ಳದಿದ್ದರೆ ಹಿಂದಿನ ತಂತಿಯನ್ನು ಮಾಪಕದಿಂದ ಬಿಡಿಸಿ, ಅದೇ ರೆಸಿಸ್ಟರನ್ನು ಮಾಪಕದ ಬೆನ್ನಿಗೇ ಜೋಡಿಸಬೇಕು. ಈಗ ಮುಳ್ಳು ಸರಿಹೋದರೆ ನಡುವಣ ತಂತಿ ಕೆಟ್ಟಿದೆ. ಈಗಲೂ ಸರಿಹೋಗದಿದ್ದರೆ ಮಾಪಕ ಅಥವಾ ಸ್ಟೆಬಿಲೈಸರು ಕೆಟ್ಟಿದೆ. ಕೆಲವು ಪೈಸೆಗಳ ಇಲ್ಲವೆ ರೂಪಾಯಿಗಳ ವಸ್ತುವೊಂದು ಹೀಗೆ ಸಾವಿರಾರು ರೂಪಾಯಿಗಳ ಊಹಾಪೋಹವನ್ನು ತಪ್ಪಿಸುತ್ತದೆ.

ಟ್ಯಾಂಕನ್ನು ತೆರೆಯುವ ಮುನ್ನ

ಇಷ್ಟರವರೆಗಿನ ಪರೀಕ್ಷೆಗಳಲ್ಲಿ ಟ್ಯಾಂಕನ್ನು ತೆರೆಯಬೇಕಾಗಲಿಲ್ಲ. ಯೂನಿಟ್ಟನ್ನು ಹೊರತೆಗೆಯುವುದು ಬೇರೆಯೇ ಕೆಲಸ; ವಿದ್ಯಾರ್ಥಿಗಳು ಅದನ್ನು ಅನುಭವವುಳ್ಳ ಮೆಕ್ಯಾನಿಕನಿಗೆ ಬಿಟ್ಟು, ದೂರದಿಂದ ನೋಡಿ ಕಲಿಯುವುದು ಲೇಸು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚೆದುರದೆ ನೆಲದ ಮೇಲೆ ಹರಿದು ತಗ್ಗುಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಭಾಗದಷ್ಟು ಆವಿ ಬೆರೆತರೆ ಒಂದು ಕಿಡಿ ಸಾಕು. ಪೆಟ್ರೋಲನ್ನು ಬಸಿದುಹಾಕಿದ ಟ್ಯಾಂಕಿನಲ್ಲಿಯೂ ಆವಿ ಉಳಿದಿರುವುದರಿಂದ ‘ಖಾಲಿ ಟ್ಯಾಂಕು’ ಎಂದು ಉದಾಸೀನ ಮಾಡಬಾರದು. ಬಯಲಿನಲ್ಲಿ ಕೆಲಸಮಾಡುವುದು, ಬ್ಯಾಟರಿಯನ್ನು ಬಿಡಿಸಿಡುವುದು, ಹತ್ತಿರದಲ್ಲಿ ಬೀಡಿ, ಒಲೆ, ಬೆಸುಗೆಯ ಕಾವಲಿ ಯಾವುದೂ ಇಲ್ಲದಂತೆ ನೋಡಿಕೊಳ್ಳುವುದು, ಇವು ಮೂರೂ ಕಡ್ಡಾಯ.

ಹೊರತೆಗೆದ ಯೂನಿಟ್ಟನ್ನು ಒರಸಿ ಆರಿಸಿದ ಮೇಲೆ ಬುರುಡೆಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ, ತೂತಾಗಿರುವ ಪಕ್ಷದಲ್ಲಿ ಒಳಗಿನ ಪೆಟ್ರೋಲು ಸದ್ದುಮಾಡುತ್ತದೆ. ಅಂಥದನ್ನು ಬೆಸೆಯಲು ಹೋಗದೆ ಹೊಸದನ್ನು ಹಾಕುವುದೇ ಕ್ಷೇಮ. ಬುರುಡೆ ಸರಿಯಾಗಿದ್ದರೆ ಮಲ್ಟಿಮೀಟರನ್ನು ಜೋಡಿಸಿ ತೋಳನ್ನು ಮೆಲ್ಲನೆ ಎತ್ತಬೇಕು. ರೋಧ ಒಂದೇ ಸಮನಾಗಿ ಬದಲಾಗಬೇಕು. ಒಂದು ಕಡೆ ಹಠಾತ್ತಾಗಿ ಜಿಗಿದರೆ ಅಲ್ಲಿ ತಂತಿ ಸವೆದಿದೆ. ರಸ್ತೆಯಲ್ಲಿ ಮುಳ್ಳು ಯಾವಾಗಲೂ ಒಂದೇ ಮಟ್ಟದಲ್ಲಿ ಪಟಪಟನೆ ಹಾರುತ್ತಿದ್ದುದಕ್ಕೆ ಕಾರಣ ಆಗ ತಿಳಿಯುತ್ತದೆ. ಮತ್ತೆ ಜೋಡಿಸುವಾಗ ಹೊಸ ವಾಷರು ಹಾಕಿ, ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ದುರಸ್ತಿಯಾದ ಮಾಪಕದಿಂದಲೂ ತಕ್ಕಡಿಯ ನಿಖರತೆಯನ್ನು ನಿರೀಕ್ಷಿಸಲಾಗದು. ಟ್ಯಾಂಕಿನ ಆಕಾರ ಒಂದೇ ಸಮನಾಗಿಲ್ಲ. ತೋಳು ನೆಟ್ಟಗೆ ಏರದೆ ಕಮಾನಿನಂತೆ ಏರುತ್ತದೆ. ಖಾಲಿಯಾಗುತ್ತ ಬಂದ ಟ್ಯಾಂಕಿಗೆ ಐದೈದು ಲೀಟರು ಹಾಕಿಸುತ್ತ, ಪ್ರತಿಸಲವೂ ಮುಳ್ಳಿನ ಸ್ಥಾನವನ್ನು ಗುರುತುಹಾಕಿ ಗ್ರಾಫು ಬರೆದರೆ ಆ ಕಾರಿನ ಮಾಪಕದ ನಿಜವಾದ ಭಾಷೆ ಕೈವಶವಾಗುತ್ತದೆ. ಇದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಯೋಗವೂ ಹೌದು.

ಇಂದಿನ ಎಷ್ಟೋ ಕಾರುಗಳಲ್ಲಿಯೂ ತೇಲುವ ಬುರುಡೆ ಮತ್ತು ಬದಲಾಗುವ ರೋಧ ಉಳಿದಿವೆ. ನಡುವೆ ಕಂಪ್ಯೂಟರೊಂದು ಕುಳಿತು ತುಳುಕಾಟವನ್ನು ಲೆಕ್ಕಹಾಕಿ ಮುಳ್ಳನ್ನು ನಡೆಸುತ್ತದೆ. ಅಂಥವುಗಳ ಮೇಲೆ ಇಲ್ಲಿ ಹೇಳಿದ ಪರೀಕ್ಷೆಗಳನ್ನು ಹಾಗೆಯೇ ಮಾಡಬಾರದು. ಆದರೆ ಹಳೆಯ ಕಾರೊಂದರಲ್ಲಿ ಕುಳಿತುಕೊಳ್ಳುವ ಸಂದರ್ಭ ಬಂದಾಗ, ಕೀಲಿ ತಿರುಗಿಸಿದೊಡನೆ ಮುಳ್ಳು ನೆಗೆಯುವುದೋ ತೆವಳುವುದೋ ವಾಚಕರು ಗಮನಿಸಲಿ. ನೆಗೆದರೆ, ಅದು ‘ಪೂರ್ಣ’ವೆಂದಾಗ ಸಂಶಯಪಡಬೇಕು, ತೆವಳಿದರೆ, ‘ಖಾಲಿ’ಯೆಂದಾಗ ಸಂಶಯಪಡಬಹುದು. ಯಾವುದಕ್ಕೂ ಘಟ್ಟವನ್ನು ಹತ್ತುವ ಮುನ್ನ ಕೆಳಗಿನ ಬಂಕಿನಲ್ಲಿ ಪೆಟ್ರೋಲು ಹಾಕಿಸಿಕೊಳ್ಳುವುದು ಒಳ್ಳೆಯದು.